ಬಾಳೆಲೆ, ಬಟಾಟೆ ಮತ್ತು ಒಂದು ಡ್ರಮ್ ನೀರು

ಮಾಟುಂಗಾದ ಮಾರ್ಕೆಟ್ಟಿನಲ್ಲಿ ಬಾಳೆಲೆ ಸಿಗುತ್ತದೆ ಎಂದು ಊರಿಗೆ ಹೋದಾಗ ಹೇಳಿದರೆ ಜನ ನಗುತ್ತಾರೆ. ಹಿತ್ತಿಲಿಗೆ ಹೋಗಿ ಕೊಯ್ದು ತರುವ ಎಲೆಗೆ ದುಡ್ಡು ಕೊಡುವುದುಂಟೇ ಅಂತ. ಆದರೆ ಮುಂಬಯಿಯಲ್ಲಿ ನೆಲೆಸಿದ ನಮಗೆ ಆ ಎಲೆ ಅಂದರೆ ಊರೇ. ಚೌತಿ ಬಂತು, ಶ್ರಾದ್ಧ ಬಂತು, ಮಗುವಿನ ನಾಮಕರಣ ಬಂತು ಎಂದರೆ ಬೆಳಿಗ್ಗೆ ಎದ್ದು ಸಯನ್‌ನಿಂದ ಮಾಟುಂಗಾಕ್ಕೆ ನಡೆದು ಹೋಗಬೇಕು. ಹೂವಿನವರ ಪಕ್ಕದಲ್ಲಿ ಕೂತ ಎಲೆಯವರ ಹತ್ತಿರ ಚೌಕಾಶಿ ಮಾಡಿ, ಹರಿಯದ ಎಲೆಗಳನ್ನು ಆರಿಸಿ, ಪೇಪರಿನಲ್ಲಿ ಸುತ್ತಿಕೊಂಡು ಬರಬೇಕು. ಊಟವಾದ ಮೇಲೆ ಮಡಿಸಿ ಕಸದ ಡಬ್ಬಿಗೆ ಹಾಕಬೇಕು. ಅಲ್ಲಿಗೆ ಎಲೆಯ ಕತೆ ಮುಗಿಯಿತು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಹಾಗಲ್ಲವಂತೆ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಸಯನ್ ಆಸ್ಪತ್ರೆಯ ಡಾಕ್ಟರುಗಳು ಇದೇ ಬಾಳೆಲೆಯನ್ನು ಸುಟ್ಟ ಗಾಯಕ್ಕೆ ಪಟ್ಟಿಯಾಗಿ ಕಟ್ಟಿ ನೋಡಿ, ಫಲವನ್ನು ಅಳೆದು, 2003ರಲ್ಲಿ ಸುಟ್ಟ ಗಾಯಗಳಿಗಾಗಿಯೇ ಇರುವ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಅದನ್ನು ತಿಳಿದ ದಿನ ನನಗೆ ಹೆಮ್ಮೆ ಆಗಬೇಕಿತ್ತು. ಆದದ್ದು ಸಂಕಟ. ಹಳೆಯದೊಂದು ಸಂಗತಿ ನೆನಪಾಯಿತು. ಆ ಸಂಗತಿಯನ್ನೂ, ಮನೆಯಲ್ಲಿ ಕೈಗೆ ಸಿಕ್ಕಿದ ವಸ್ತುಗಳು ಮದ್ದಾದ ಚರಿತ್ರೆಯನ್ನೂ ಒಟ್ಟಿಗೆ ಬರೆಯಬೇಕು ಅಂತ ಆಗಿನಿಂದಲೂ ಮನಸ್ಸಿನಲ್ಲಿತ್ತು.

ಊರಿನ ಓದುಗರಿಗೆ ಮೊದಲು ಸಯನ್ ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ಮರಾಠಿಯಲ್ಲಿ ಇದರ ಹೆಸರು ಶೀವ್, ಅಂದರೆ ಗಡಿ. ನಮ್ಮ ಸೀಮೆ ಎಂಬ ಶಬ್ದದ ನೆಂಟ. ಹಳೆಯ ಮುಂಬಯಿ ದ್ವೀಪ ಇಲ್ಲಿಗೆ ಮುಗಿದು ಆಚೆ ಸಾಲ್ಸೆಟ್ ದ್ವೀಪ ಶುರುವಾಗುತ್ತಿತ್ತು. ಆ ಗಡಿ ಕಾಯಲು ಇಂಗ್ಲಿಷರು ಹದಿನೇಳನೆಯ ಶತಮಾನದಲ್ಲಿ ಗುಡ್ಡದ ಮೇಲೆ ಕಟ್ಟಿದ ಚಿಕ್ಕ ಕೋಟೆ ಈಗಲೂ ಉಂಟು. ಒಂದು ಪಕ್ಕಕ್ಕೆ ಧಾರಾವಿ, ಇನ್ನೊಂದು ಪಕ್ಕಕ್ಕೆ ದೇಶವಿಭಜನೆಯಾದಾಗ ಬಂದ ಪಂಜಾಬಿ ನಿರಾಶ್ರಿತರು ನೆಲೆಸಿದ ಕೋಳಿವಾಡ, ದಕ್ಷಿಣಕ್ಕೆ ನಮ್ಮವರು ತುಂಬಿಕೊಂಡ ಮಾಟುಂಗಾ. ಮಾಟುಂಗಾದಲ್ಲಿ 1926ರ ಮೈಸೂರು ಅಸೋಸಿಯೇಶನ್ ಇದೆ, ಬಾಳೆಲೆಯಲ್ಲಿ ಊಟ ಬಡಿಸುವ, 1942ರಿಂದ ನಡೆದು ಬಂದ ರಾಮ ನಾಯಕರ ಉಡುಪಿ ಬೋರ್ಡಿಂಗ್ ಇದೆ. ಸಯನ್‌ನಲ್ಲೇ ದಕ್ಷಿಣ ಕನ್ನಡದವರ ಗೋಕುಲ ಇದೆ.

ಇವೆಲ್ಲದರ ನಡುವೆ ಸಯನ್ ಆಸ್ಪತ್ರೆ. ಕಾಗದದ ಮೇಲೆ ಲೋಕಮಾನ್ಯ ತಿಲಕ್ ಮುನಿಸಿಪಲ್ ಜನರಲ್ ಹಾಸ್ಪಿಟಲ್. ಸ್ವಾತಂತ್ರ್ಯ ಬಂದ 1947ರಲ್ಲಿ ಮಿಲಿಟರಿಯವರ ಹಳೆಯ ಬ್ಯಾರಕ್ಕುಗಳಲ್ಲಿ 50 ಹಾಸಿಗೆಗಳಿಂದ ಶುರುವಾದದ್ದು. ಬ್ಯಾರಕ್ಕು, ಅಂದರೆ ಅದೂ ಇದ್ದದ್ದರಲ್ಲೇ ಸುಧಾರಿಸಿಕೊಂಡ ಏರ್ಪಾಡೇ. 1964ರಲ್ಲಿ ಮೆಡಿಕಲ್ ಕಾಲೇಜು ಬಂತು. ಈಗ ಸಾವಿರಕ್ಕೂ ಹೆಚ್ಚು ಹಾಸಿಗೆಗಳಿದ್ದರೂ ಜಾಗ ಸಾಲುವುದಿಲ್ಲ. ಪಕ್ಕದಲ್ಲಿ ಹೆದ್ದಾರಿ, ರೈಲು, ಧಾರಾವಿಯ ಸಾವಿರಾರು ಸಣ್ಣ ಕಾರ್ಖಾನೆಗಳು. ಕೈಕಾಲು ಮುರಿದವರು, ಸುಟ್ಟುಕೊಂಡವರು ಹಗಲೂ ರಾತ್ರಿಯೂ ಇಲ್ಲಿಗೆ ಬರುತ್ತಾರೆ.

ನಾನು ಬ್ಯಾಂಕಿಗೆ ಸೇರಿ ಮುಂಬಯಿಗೆ ಬಂದದ್ದು 1984ರಲ್ಲಿ. ಸಯನ್‌ನ ಒಂದು ಚಾಳಿನಲ್ಲಿ ಖೋಲಿ. ನಾಲ್ಕು ಜನ ನಾವು. ಎಲ್ಲರೂ ಕರಾವಳಿಯವರು. ನಾನೊಬ್ಬ ಬ್ಯಾಂಕಿನವ, ಒಬ್ಬ ಪ್ರೆಸ್ಸಿನವ, ಇಬ್ಬರು ಹೊಟೇಲಿನವರು. ಹತ್ತಡಿ ಹನ್ನೆರಡಡಿ ಜಾಗ, ಒಂದು ಮೂಲೆಯಲ್ಲಿ ಸೀಮೆಎಣ್ಣೆಯ ಪಂಪ್ ಸ್ಟವ್, ಇನ್ನೊಂದು ಮೂಲೆಯಲ್ಲಿ ನೀರಿನ ಡ್ರಮ್. ನೀರು ಬರುತ್ತಿದ್ದದ್ದು ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ ಮಾತ್ರ. ಸರದಿಯಲ್ಲಿ ನಿಂತು ತುಂಬಿಸಿದ ಡ್ರಮ್ಮೇ ನಮ್ಮ ಆಸ್ತಿ.

ಊರಲ್ಲಿ ಕೈಕಾಲಿಗೆ ಪೆಟ್ಟಾದರೆ ನಾವು ಯೋಚಿಸಲೇಬೇಕಾಗಿರಲಿಲ್ಲ. ಅಜ್ಜಿ ಇದ್ದರು. ಅರಶಿನಕ್ಕೆ ಸುಣ್ಣ ಕಲಸಿ ಹಚ್ಚುತ್ತಿದ್ದರು. ಗುಡ್ಡೆಯಲ್ಲಿ ಕತ್ತಿ ತಾಗಿದರೆ ಕಮ್ಯುನಿಸ್ಟ್ ಸೊಪ್ಪಿನ ರಸ ಹಿಂಡುತ್ತಿದ್ದರು. ಹೊರಗಿನಿಂದ ಬಂದು ಎಲ್ಲ ಕಡೆ ಹಬ್ಬಿದ ಗಿಡವಾದ್ದರಿಂದ ಅದಕ್ಕೆ ಆ ಹೆಸರು. ಹೊಟ್ಟೆ ಕೆಟ್ಟರೆ ಗಂಜಿ ತಿಳಿಗೆ ಉಪ್ಪು. ಯಾವುದು ಯಾವುದಕ್ಕೆ, ಎಷ್ಟು, ಯಾವಾಗ ನಿಲ್ಲಿಸಬೇಕು ಎಂಬುದೆಲ್ಲ ಅವರ ತಲೆಯಲ್ಲಿತ್ತು. ನಾವು ಮುಂಬಯಿಗೆ ಬರುವಾಗ ಆ ವಿದ್ಯೆಯನ್ನು ಅರ್ಧ ಮಾತ್ರ ತಂದೆವು. ‘ಏನೋ ಹಚ್ಚಬೇಕು’ ಎಂಬುದು ನೆನಪಿತ್ತು. ಏನು ಎಂಬುದು ನೆನಪಿರಲಿಲ್ಲ. ಗುಡ್ಡೆಯೂ ಇಲ್ಲ, ಸೊಪ್ಪೂ ಇಲ್ಲ, ಅಜ್ಜಿಯೂ ಇಲ್ಲ. ಇದ್ದದ್ದು ಕಾಫಿಪುಡಿ, ಟೂತ್‌ಪೇಸ್ಟ್, ಬ್ಯಾಂಕಿನ ಇಂಕಿನ ಬಾಟಲಿ, ಒಂದೆರಡು ಬ್ಯಾಂಡ್-ಏಡ್ ಪಟ್ಟಿ.

ಆ ಬ್ಯಾಂಡ್-ಏಡ್ ಕೂಡ ಅಡುಗೆಮನೆಯಲ್ಲೇ ಹುಟ್ಟಿದ್ದು ಎಂದು ಆಮೇಲೆ ಓದಿದೆ. 1920ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಅರ್ಲ್ ಡಿಕ್ಸನ್ ಎಂಬಾತನ ಹೆಂಡತಿ ಅಡುಗೆ ಮಾಡುವಾಗ ಪದೇ ಪದೇ ಕೈ ಕೊಯ್ದುಕೊಳ್ಳುತ್ತಿದ್ದಳಂತೆ. ಆತ ಅಂಟುಪಟ್ಟಿಯ ಮೇಲೆ ಅಲ್ಲಲ್ಲಿ ಗಾಜ್ ಬಟ್ಟೆಯ ತುಂಡು ಇಟ್ಟು, ಅವಳೊಬ್ಬಳೇ ಕತ್ತರಿಸಿ ಹಚ್ಚಿಕೊಳ್ಳುವ ಹಾಗೆ ಮಾಡಿಕೊಟ್ಟ. ಮರುವರ್ಷ ಅವನ ಕಂಪೆನಿ ಅದನ್ನು ಪೇಟೆಗೆ ತಂತು.

ಈಗ ಆ ಸಂಗತಿ. 1986ರ ಮಳೆಗಾಲದ ಒಂದು ಭಾನುವಾರ ಸಂಜೆ. ನಮ್ಮ ಖೋಲಿಯ ಹೊಟೇಲ್ ಮಾಣಿ, ಹದಿನೆಂಟು ಹತ್ತೊಂಬತ್ತರ ಹುಡುಗ, ಬೈಂದೂರು ಕಡೆಯವ, ರಜೆ ಅಂತ ಹಪ್ಪಳ ಕಾಯಿಸಲು ಕೂತಿದ್ದ. ಸ್ಟವ್ ವಾಲಿ ಬಾಣಲೆ ಮಗುಚಿತು. ಕಾದ ಎಣ್ಣೆ ಎಡಗೈ ಮೇಲೆ ಮೊಣಕೈಯಿಂದ ಕೆಳಗೆ ಹರಿಯಿತು. “ಉರೀತ್ ಅಣ್ಣಾ, ಉರೀತ್” ಎಂದು ಅವನು ಕೂಗಿದ್ದು ಇಡೀ ಚಾಳಿಗೆ ಕೇಳಿರಬೇಕು.

ಖೋಲಿಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವ ನಾನು. ಎಂ.ಕಾಂ. ಹಾಗಾಗಿ ಎಲ್ಲರೂ ನನ್ನ ಮುಖ ನೋಡಿದರು. ನಾನು ಟೂತ್‌ಪೇಸ್ಟ್ ತೆಗೆದೆ. ತಣ್ಣಗಿರುತ್ತದಲ್ಲ, ಅಷ್ಟೇ ನನ್ನ ತರ್ಕ. ಒಂದು ಇಡೀ ಟ್ಯೂಬನ್ನು ಅವನ ಕೈಗೆ ಮೆತ್ತಿದೆ. ಪ್ರೆಸ್ಸಿನವ ಅದರ ಮೇಲೆ ಕಾಫಿಪುಡಿ ಉದುರಿಸಿದ. ಹುಡುಗ ಇನ್ನೂ ಜೋರಾಗಿ ಅಳುತ್ತಿದ್ದ.

ಆಗ ಪಕ್ಕದ ಖೋಲಿಯ ಮಾವಶಿ ಒಳಗೆ ನುಗ್ಗಿದರು. ಮರಾಠಿಯವರು, ಐವತ್ತರ ಮೇಲಿನ ಹೆಂಗಸು, ಅಕ್ಷರ ಬಾರದು. “ಆಧೀ ಪಾಣಿ ಓತಾ ರೇ, ಪಾಣಿ!” ಮೊದಲು ನೀರು ಸುರೀರಿ ಅಂತ. ನಾವು ನಿಂತೇ ಇದ್ದೆವು. ಆಕೆ ನಮ್ಮ ಡ್ರಮ್ಮಿನ ಮುಚ್ಚಳ ತೆಗೆದು, ಹುಡುಗನನ್ನು ಮೋರಿಯ ಹತ್ತಿರ ಕೂರಿಸಿ, ತಂಬಿಗೆ ತಂಬಿಗೆ ಸುರಿಯತೊಡಗಿದರು. ಪೇಸ್ಟು, ಪುಡಿ ಸ್ವಲ್ಪ ಹೋಯಿತು, ಸ್ವಲ್ಪ ಅಂಟಿಕೊಂಡೇ ಇತ್ತು. ನಿಜ ಹೇಳಬೇಕಾದರೆ, ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಹುಡುಗನ ಕೈ ಅಲ್ಲ. ನಾಳೆ ಬೆಳಿಗ್ಗೆಯವರೆಗೆ ನಾಲ್ಕು ಜನಕ್ಕೆ ನೀರು ಎಲ್ಲಿಂದ ಎಂಬುದು. “ಮಾವಶಿ, ಸಾಕು” ಎಂದು ನಾನು ಹೇಳಿದ್ದೂ ಉಂಟು. ಆಕೆ ತಿರುಗಿ ನೋಡಿದ ನೋಟ ಈಗಲೂ ನೆನಪಿದೆ. ಸ್ಟವ್ ಸಿಡಿದು ಸುಟ್ಟುಕೊಂಡ ತಂಗಿಯ ಪಕ್ಕ ಮೂರು ತಿಂಗಳು ಆಸ್ಪತ್ರೆಯ ವಾರ್ಡಿನಲ್ಲಿ ಕೂತವರು ಆಕೆ ಅಂತ ನಮಗೆ ಆಮೇಲೆ ತಿಳಿಯಿತು. ಡ್ರಮ್ಮಿನ ತಳ ಕಾಣುವವರೆಗೂ ಸುರಿದರು.

ಡಾಕ್ಟರರ ಹತ್ತಿರ ಕರೆದುಕೊಂಡು ಹೋದಾಗ ಅವರು ಮಾಡಿದ ಮೊದಲ ಕೆಲಸ ಉಳಿದ ಪೇಸ್ಟನ್ನೂ ಕಾಫಿಪುಡಿಯನ್ನೂ ಕೀಳುವುದು. ಸುಟ್ಟ ಚರ್ಮದಿಂದ ಅದನ್ನು ಬಿಡಿಸುವಾಗ ಹುಡುಗ ನನ್ನ ಅಂಗಿ ಹಿಡಿದುಕೊಂಡಿದ್ದ. ಆಮೇಲೆ ಗಾಜ್ ಬಟ್ಟೆ ಕಟ್ಟಿದರು. ಅದು ಗಾಯಕ್ಕೆ ಅಂಟಿಕೊಳ್ಳುತ್ತಿತ್ತು. ಎರಡು ದಿನಕ್ಕೊಮ್ಮೆ ಬಿಚ್ಚುವಾಗ ಹೊಸ ಚರ್ಮವೂ ಜೊತೆಗೆ ಬರುತ್ತಿತ್ತು. ಒಂದು ತಿಂಗಳಾದ ಮೇಲೆ ಅವನು ಊರಿಗೆ ಹೋದ. ಕೈ ಉಳಿಯಿತು, ಆದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಕಲೆ ಉಳಿಯಿತು. ಆ ಕಲೆಯಲ್ಲಿ ಎಷ್ಟು ಭಾಗ ಎಣ್ಣೆಯದು, ಎಷ್ಟು ಭಾಗ ನನ್ನ ಟೂತ್‌ಪೇಸ್ಟಿನದು ಎಂಬ ಲೆಕ್ಕ ನನಗೆ ಇನ್ನೂ ತಾಳೆಯಾಗಿಲ್ಲ.

ನೀರಿನ ವಿಷಯ ಮಾವಶಿ ಕಂಡುಹಿಡಿದದ್ದಲ್ಲ. ಸಾವಿರ ವರ್ಷದ ಹಿಂದೆ ಪರ್ಷಿಯಾದ ವೈದ್ಯ ಅಲ್ ರಾಝಿ ಸುಟ್ಟ ಗಾಯಕ್ಕೆ ತಣ್ಣೀರು ಎಂದು ಬರೆದಿದ್ದಾನೆ. ಕಾರಣ ಸರಳ. ಎಣ್ಣೆ ಚೆಲ್ಲಿಹೋದ ಮೇಲೂ ಬಿಸಿ ಚರ್ಮದೊಳಗೆ ಇರುತ್ತದೆ. ಒಲೆಯಿಂದ ಇಳಿಸಿದ ಮೇಲೂ ಅನ್ನ ಬೇಯುತ್ತಲೇ ಇರುವ ಹಾಗೆ ಚರ್ಮ ಒಳಗೊಳಗೆ ಬೇಯುತ್ತಿರುತ್ತದೆ. ಹರಿಯುವ ನೀರು ಆ ಬಿಸಿಯನ್ನು ಹೊರಗೆ ಒಯ್ಯುತ್ತದೆ. ಪೇಸ್ಟು, ತುಪ್ಪ, ಎಣ್ಣೆ ಬಿಸಿಯನ್ನು ಒಳಗೇ ಮುಚ್ಚಿಡುತ್ತವೆ. ಇಪ್ಪತ್ತು ನಿಮಿಷ ನೀರು ಬಿಡಬೇಕು, ಸುಟ್ಟು ಮೂರು ಗಂಟೆ ಕಳೆಯುವವರೆಗೂ ಅದರಿಂದ ಪ್ರಯೋಜನವಿದೆ, ಮಂಜುಗಡ್ಡೆ ಮಾತ್ರ ಇಡಬಾರದು ಎಂದು ಈಗ ಎಲ್ಲ ಕಡೆಯ ಡಾಕ್ಟರುಗಳೂ ಹೇಳುತ್ತಾರೆ. ಮುಂಬಯಿಯಲ್ಲಿ ಆ ಕಾಲದಲ್ಲೇ ಇದನ್ನು ಸಾರಿ ಹೇಳುತ್ತಿದ್ದವರು ಪರೇಲ್‌ನ ವಾಡಿಯಾ ಮಕ್ಕಳ ಆಸ್ಪತ್ರೆಯ ಡಾ. ಕೇಸ್ವಾನಿ. ಸುಟ್ಟ ಮಕ್ಕಳನ್ನು ನೋಡಿ ನೋಡಿ ಬೇಸತ್ತವರು ಅವರು.

ಇದೇ ಡಾ. ಕೇಸ್ವಾನಿ ಮತ್ತು ಅವರ ಜೊತೆಯವರು 1985ರಲ್ಲಿ ಇನ್ನೊಂದು ಕೆಲಸ ಮಾಡಿದ್ದರು. ಸುಟ್ಟ ಗಾಯಕ್ಕೆ ಬೇಕಾದದ್ದು ಅಂಟಿಕೊಳ್ಳದ, ಪಸೆ ಆರದಂತೆ ಕಾಪಾಡುವ ಒಂದು ಹೊದಿಕೆ. ಶ್ರೀಮಂತ ದೇಶಗಳಲ್ಲಿ ಅದಕ್ಕೆ ಹಂದಿಯ ಚರ್ಮ, ಕೃತಕ ಪೊರೆ ಎಂದೆಲ್ಲ ಇತ್ತು. ನಮ್ಮ ಮುನಿಸಿಪಾಲಿಟಿ ಆಸ್ಪತ್ರೆಗಳಿಗೆ ಅದು ಎಲ್ಲಿ ಎಟುಕಬೇಕು? ಇವರು ಬೇಯಿಸಿದ ಬಟಾಟೆಯ ಸಿಪ್ಪೆಯನ್ನು ಗಾಜ್ ಬಟ್ಟೆಗೆ ಸಾಲಾಗಿ ಅಂಟಿಸಿ, ಕ್ರಿಮಿಶುದ್ಧಿ ಮಾಡಿ, ಮಕ್ಕಳ ಗಾಯಕ್ಕೆ ಕಟ್ಟಿದರು. ಸಿಪ್ಪೆ ಗಾಯಕ್ಕೆ ಅಂಟಲಿಲ್ಲ. ಬಿಚ್ಚುವಾಗ ಮಕ್ಕಳು ಮೊದಲಿನ ಹಾಗೆ ಚೀರಲಿಲ್ಲ. ಅದರ ವರದಿ ಪ್ರಕಟವಾಗಿ ವರ್ಷ ಕಳೆದಿತ್ತು, ನಮ್ಮ ಖೋಲಿಯಲ್ಲಿ ಬಾಣಲೆ ಮಗುಚಿದಾಗ. ಪರೇಲ್ ನಮಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಬಟಾಟೆ ನಮ್ಮ ಬುಟ್ಟಿಯಲ್ಲೇ ಇತ್ತು, ಪಲ್ಯಕ್ಕೆಂದು ತಂದದ್ದು.

ಸಿಪ್ಪೆಯ ತೊಂದರೆ ಏನೆಂದರೆ ಅದು ಚಿಕ್ಕದು. ಬೇಯಿಸಬೇಕು, ಸುಲಿಯಬೇಕು, ತುಂಡು ತುಂಡು ಜೋಡಿಸಬೇಕು. ಇಲ್ಲಿಗೆ ಸಯನ್ ಆಸ್ಪತ್ರೆಯ ಕತೆ ಬರುತ್ತದೆ. ಅಲ್ಲಿ ಸರ್ಜರಿ ವಿಭಾಗದ ಡಾ. ಮಾಧುರಿ ಗೋರೆ ಬಾಳೆಲೆಯನ್ನು ಆರಿಸಿದರು. ಎಲೆ ಅಗಲ, ನುಣುಪು, ಮೇಣದಂಥ ಪದರ ಇರುವುದರಿಂದ ನೀರು ಒಳಗಿಳಿಯುವುದಿಲ್ಲ, ಗಾಯಕ್ಕೆ ಅಂಟುವುದಿಲ್ಲ. ವರ್ಷವಿಡೀ ಸಿಗುತ್ತದೆ. ಎಲೆಯ ತುಂಡನ್ನು ಪಟ್ಟಿಯ ಬಟ್ಟೆಗೆ ಅಂಟಿಸಿ ಆಟೊಕ್ಲೇವಿನ ಹಬೆಯಲ್ಲಿ ಶುದ್ಧಿ ಮಾಡಿದರೆ ಪಟ್ಟಿ ಸಿದ್ಧ. ಸುಟ್ಟ ಗಾಯದ ರೋಗಿಗಳಲ್ಲಿ ಬಟಾಟೆ ಸಿಪ್ಪೆಯ ಪಟ್ಟಿಯ ಜೊತೆ ಹೋಲಿಸಿ ನೋಡಿದರು. ಚರ್ಮ ಕಸಿಗಾಗಿ ತೊಡೆಯಿಂದ ಚರ್ಮ ತೆಗೆದ ಜಾಗಕ್ಕೂ ಕಟ್ಟಿ, ವ್ಯಾಸಲೀನ್ ಹಚ್ಚಿದ ಗಾಜ್ ಬಟ್ಟೆಯ ಜೊತೆ ಹೋಲಿಸಿದರು. ಗಾಯ ಮಾಗುವುದರಲ್ಲಿ ಎಲೆ ಸಿಪ್ಪೆಗೆ ಸಮ, ಖರ್ಚಿನಲ್ಲಿ ಅದಕ್ಕಿಂತ ಹಲವು ಪಟ್ಟು ಅಗ್ಗ. ವ್ಯಾಸಲೀನ್ ಬಟ್ಟೆಗಿಂತ ಪಟ್ಟಿ ಬದಲಿಸುವಾಗಿನ ನೋವು ಕಡಿಮೆ. ಎರಡೂ ವರದಿಗಳು 2003ರಲ್ಲಿ ‘ಬರ್ನ್ಸ್’ ಪತ್ರಿಕೆಯಲ್ಲಿ ಬಂದವು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇದನ್ನು ಓದಿ ಯಾರೂ ಹಿತ್ತಿಲ ಎಲೆ ಕೊಯ್ದು ಸುಟ್ಟ ಗಾಯಕ್ಕೆ ಸುತ್ತಬಾರದು. ಹಬೆಯಲ್ಲಿ ಶುದ್ಧಿಯಾಗದ ಎಲೆಯಲ್ಲಿ ಮಣ್ಣಿದೆ, ಕ್ರಿಮಿ ಇದೆ. ಮನೆಯ ವಸ್ತು ಎಂಬ ಒಂದೇ ಕಾರಣಕ್ಕೆ ಅದು ಮದ್ದಾಗುವುದಿಲ್ಲ. ನನ್ನ ಟೂತ್‌ಪೇಸ್ಟೂ ಮನೆಯ ವಸ್ತುವೇ ಆಗಿತ್ತು. ವ್ಯತ್ಯಾಸ ಇರುವುದು ವಸ್ತುವಿನಲ್ಲಲ್ಲ. ಡಾ. ಗೋರೆ, ಡಾ. ಕೇಸ್ವಾನಿ ಅವರು ‘ಇದು ಕೆಲಸ ಮಾಡುತ್ತದೆಯೇ’ ಎಂದು ಕೇಳಿ, ಇನ್ನೊಂದರ ಪಕ್ಕದಲ್ಲಿಟ್ಟು ತೂಗಿ ನೋಡಿದರು. ನಾನು ಕೇಳಲಿಲ್ಲ, ಮೆತ್ತಿದೆ.

ನಮ್ಮ ಗಡಿಯ ಹತ್ತಿರದಲ್ಲೂ ಇಂಥ ಒಂದು ಕೆಲಸ ನಡೆದಿದೆ. ಸೊಲ್ಲಾಪುರ ಕನ್ನಡಿಗರಿಗೆ ಹೊಸ ಊರಲ್ಲ. ಅಲ್ಲಿಯ ಬೀದಿಗಳಲ್ಲಿ ಕನ್ನಡ ಈಗಲೂ ಕೇಳುತ್ತದೆ. ಅಲ್ಲಿಯ ಮೆಡಿಕಲ್ ಕಾಲೇಜಿನ ಡಾ. ಎಂ. ಸುಬ್ರಹ್ಮಣ್ಯಂ 104 ಜನ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜೇನುತುಪ್ಪ, ಇನ್ನೊಂದಕ್ಕೆ ಆಗ ಬಳಕೆಯಲ್ಲಿದ್ದ ಬೆಳ್ಳಿಯ ಅಂಶದ ಮುಲಾಮು ಹಚ್ಚಿ, 1991ರಲ್ಲಿ ಬ್ರಿಟನ್ನಿನ ಸರ್ಜರಿ ಪತ್ರಿಕೆಯಲ್ಲಿ ಬರೆದರು. ಜೇನು ಹಚ್ಚಿದವರ ಗಾಯ ಬೇಗ ಶುದ್ಧವಾಗಿ ಬೇಗ ಮಾಗಿತ್ತು. ಮುಂದೆ 1996ರಲ್ಲಿ ಅವರು ಜೇನನ್ನು ಬಟಾಟೆ ಸಿಪ್ಪೆಯ ಜೊತೆಗೂ ಹೋಲಿಸಿದರು. ಈಗ ಹೊರದೇಶಗಳಲ್ಲಿ ಗಾಯಕ್ಕೆಂದೇ ಶುದ್ಧಿ ಮಾಡಿದ ಜೇನಿನ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಪಂಚಾಮೃತಕ್ಕೆ ತಂದ ಬಾಟಲಿಯ ಜೇನು ಬೇರೆ, ಅದು ಬೇರೆ.

ಅರಶಿನದ ಕತೆಯನ್ನೂ ಹೇಳದಿದ್ದರೆ ಅಜ್ಜಿಗೆ ಅನ್ಯಾಯವಾದೀತು. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಗಾಯ ಮಾಗಿಸಲು ಅರಶಿನ ಬಳಸುವ ಬಗ್ಗೆ ಪೇಟೆಂಟ್ ಸಿಕ್ಕಿತು. ಅದನ್ನು ಪಡೆದ ಇಬ್ಬರು ವಿಜ್ಞಾನಿಗಳೂ ಭಾರತದ ಮೂಲದವರು, ನಮ್ಮ ಹಾಗೆ ಮನೆ ಬಿಟ್ಟು ಹೋದವರು. ಅವರ ಅಜ್ಜಿಯರೂ ಅರಶಿನ ಹಚ್ಚಿದವರೇ ಇರಬೇಕು! ಡಾ. ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ಸಿ.ಎಸ್.ಐ.ಆರ್. ಸಂಸ್ಥೆ ಹಳೆಯ ಸಂಸ್ಕೃತ, ಉರ್ದು, ಹಿಂದಿ ಪುಸ್ತಕಗಳನ್ನು ಮುಂದಿಟ್ಟು ವಾದಿಸಿ, 1997ರಲ್ಲಿ ಆ ಪೇಟೆಂಟನ್ನು ರದ್ದು ಮಾಡಿಸಿತು. ಆಗ ಬ್ಯಾಂಕಿನ ಕ್ಯಾಂಟೀನಿನಲ್ಲಿ ನಾವೆಲ್ಲ ಅಜ್ಜಿ ಗೆದ್ದಳು ಎಂದು ಸಂಭ್ರಮಪಟ್ಟೆವು. ಆದರೆ ಅಲ್ಲಿ ತೀರ್ಮಾನವಾದದ್ದು ಅರಶಿನದ ಬಳಕೆ ಹೊಸದಲ್ಲ ಎಂಬುದು ಮಾತ್ರ. ಯಾವ ಗಾಯಕ್ಕೆ, ಎಷ್ಟು ಗುಣ ಎಂಬುದು ಕೋರ್ಟು ಕಚೇರಿಯಲ್ಲಿ ತೀರ್ಮಾನವಾಗುವ ವಿಷಯ ಅಲ್ಲ.

ಸುಟ್ಟ ಗಾಯ ಯಾವಾಗಲೋ ಒಮ್ಮೆ ಆಗುವಂಥದ್ದು. ಮನೆ ಬಿಟ್ಟು ಬಂದ ನಮ್ಮ ಹುಡುಗರನ್ನು ಪ್ರತಿ ಮಳೆಗಾಲದಲ್ಲೂ ಕಾಡುತ್ತಿದ್ದದ್ದು ಹೊಟ್ಟೆ. ಹೊರಗಿನ ಊಟ, ಸೋರುವ ಪೈಪಿನ ನೀರು. ಜುಲೈ ತಿಂಗಳಲ್ಲಿ ಒಂದೊಂದು ಖೋಲಿಯಲ್ಲಿ ಒಬ್ಬೊಬ್ಬ ಮಲಗಿರುತ್ತಿದ್ದ. ಇದಕ್ಕೆ ಮನೆಯಲ್ಲೇ ಇರುವ ಮದ್ದು ಸಿಕ್ಕ ಕತೆಯೂ ಮನೆ ಕಳೆದುಕೊಂಡವರ ನಡುವೆಯೇ ನಡೆದದ್ದು.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ಜನ ಬಂಗಾಳಕ್ಕೆ ಓಡಿಬಂದರು. ಬೊಂಗಾವ್‌ನ ಶಿಬಿರದಲ್ಲಿ ಕಾಲರಾ ಹಬ್ಬಿತು. ಡಾ. ದಿಲೀಪ್ ಮಹಲನೋಬಿಸ್ ಅಲ್ಲಿದ್ದರು. ನರಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂತು. ಆಗ ಅವರು ಕಲ್ಕತ್ತಾದ ತಮ್ಮ ಸಂಶೋಧನಾ ಕೇಂದ್ರದ ಲೈಬ್ರರಿ ಕೋಣೆಯಲ್ಲಿ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡವನ್ನು ತೂಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿ, ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಮುಚ್ಚಿಸಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಸೋಡ. ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ತಾಯಿಗೆ, ಅಣ್ಣನಿಗೆ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಇದೇ ಇರಬಹುದು ಎಂಬ ಅರ್ಥದಲ್ಲಿ 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಬರೆಯಿತು. ಡಾ. ಮಹಲನೋಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.

ಬ್ಯಾಂಕಿನವನಾದ ನನಗೆ ಇದಕ್ಕಿಂತ ಹಿಡಿಸಿದ್ದು ಇದರ ಮುಂದಿನ ಭಾಗ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಮನೆ ಮನೆಗೆ ಹೆಣ್ಣುಮಕ್ಕಳನ್ನು ಕಳಿಸಿ, ಒಂದು ಕೋಟಿಗೂ ಹೆಚ್ಚು ಮನೆಗಳ ತಾಯಂದಿರಿಗೆ ಈ ಪಾನಕ ಮಾಡಲು ಕಲಿಸಿತು. ಪೊಟ್ಟಣ ಇಲ್ಲ, ತಕ್ಕಡಿ ಇಲ್ಲ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿದವರ ಸಂಬಳ ಎಷ್ಟು ಮನೆಗೆ ಹೋದರು ಎಂಬುದರ ಮೇಲೆ ಇರಲಿಲ್ಲ. ಆಮೇಲೆ ಬೇರೆಯವರು ಹೋಗಿ ಕೇಳಿದಾಗ ತಾಯಂದಿರಿಗೆ ಎಷ್ಟು ನೆನಪಿತ್ತು ಎಂಬುದರ ಮೇಲೆ ಇತ್ತು. ಇನ್‌ಸ್ಪೆಕ್ಷನ್ ಅಂದರೆ ಹೀಗಿರಬೇಕು! ಇನ್ನೊಂದು ಸಂತೋಷದ ಸಂಗತಿ: 1980ರ ದಶಕದಲ್ಲಿ ಢಾಕಾದ ಸಂಶೋಧಕರು ಗ್ಲೂಕೋಸಿನ ಬದಲು ಅಕ್ಕಿ ಬಳಸಿಯೂ ನೋಡಿ, ಕಾಲರಾಕ್ಕೆ ಅದೂ ಒಳ್ಳೆಯದೇ ಎಂದರು. ಅಜ್ಜಿಯ ಉಪ್ಪು ಹಾಕಿದ ಗಂಜಿ ತಿಳಿ ಪರೀಕ್ಷೆಯಲ್ಲಿ ಪಾಸಾಯಿತು. ಸುಣ್ಣ, ಅರಶಿನ ಇನ್ನೂ ಪರೀಕ್ಷೆಗೆ ಕೂತಿರುವ ಹುಡುಗರು, ಕಾಫಿಪುಡಿ ಫೇಲು.

ಮನೆಯಲ್ಲಿ ಮಾಡುವವರಿಗೆ ಈಗ ಹೇಳುವ ಲೆಕ್ಕ ಇದು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಚಹಾದ ಚಮಚ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಆದ್ದರಿಂದ ಅಂದಾಜಿಗೆ ಹಾಕುವ ಹಾಗಿಲ್ಲ. ಪೊಟ್ಟಣ ಸಿಕ್ಕುವ ಕಡೆ ಪೊಟ್ಟಣವೇ ಒಳ್ಳೆಯದು.

ಕೊನೆಯದಾಗಿ ಬಟ್ಟೆ. ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಮೊದಲು ಕಲಿಸುವ ತ್ರಿಕೋನ ಪಟ್ಟಿಯನ್ನು ಚಾಲ್ತಿಗೆ ತಂದವ ಜರ್ಮನಿಯ ಸೈನ್ಯದ ಸರ್ಜನ್ ಎಸ್ಮಾರ್ಕ್. 1870ರ ಯುದ್ಧದ ಹೊತ್ತಿಗೆ ಆತ ಬಟ್ಟೆಯ ಮೇಲೇ ಚಿತ್ರ ಅಚ್ಚು ಹಾಕಿಸಿ, ಕೈಗೆ ಹೀಗೆ, ತಲೆಗೆ ಹೀಗೆ ಎಂದು ತೋರಿಸಿಕೊಟ್ಟ. ಒಂದು ಕರವಸ್ತ್ರದಂಥದ್ದೇ. ನಮ್ಮಲ್ಲಿ ಲುಂಗಿ, ದುಪಟ್ಟ, ಸೀರೆ ಎಲ್ಲ ಮನೆಯಲ್ಲೂ ಇದೆ.

ಅದರ ಬೆಲೆ ಮುಂಬಯಿಗೆ ತಿಳಿದದ್ದು 2006ರ ಜುಲೈ 11ರ ಸಂಜೆ. ಪಶ್ಚಿಮ ರೈಲ್ವೆಯ ಲೋಕಲ್ ಗಾಡಿಗಳಲ್ಲಿ ಹನ್ನೊಂದು ನಿಮಿಷದೊಳಗೆ ಏಳು ಬಾಂಬು ಸಿಡಿದವು. ಸುಮಾರು ಇನ್ನೂರು ಜನ ಸತ್ತರು, ನೂರಾರು ಜನ ಗಾಯಗೊಂಡರು. ಮಳೆ ಬೇರೆ. ಆಂಬುಲೆನ್ಸ್ ಬರುವ ಮೊದಲೇ ಹಳಿಯ ಬದಿಯ ಜೋಪಡಿಗಳ ಜನ ತಮ್ಮ ಚಾದರ, ಸೀರೆ ತೆಗೆದುಕೊಂಡು ಓಡಿ ಬಂದರು. ನಾಲ್ಕು ಮೂಲೆ ನಾಲ್ಕು ಜನ ಹಿಡಿದರೆ ಚಾದರವೇ ಸ್ಟ್ರೆಚರ್. ಮಾಟುಂಗಾ ರೋಡ್, ಮಾಹಿಮ್ ಕಡೆಯ ಗಾಯಾಳುಗಳು ಸಯನ್ ಆಸ್ಪತ್ರೆಗೆ ಬಂದರು. ಆ ಜೋಪಡಿಗಳಲ್ಲಿ ಇದ್ದವರು ಯಾರು? ಬಿಹಾರದವರು, ತಮಿಳರು, ಕಲಬುರಗಿ ಕಡೆಯವರು, ಎಲ್ಲೆಲ್ಲಿಂದಲೋ ಬಂದವರು. ಮನೆಯಲ್ಲಿ ಇದ್ದದ್ದೇ ಎರಡು ಚಾದರ, ಅದರಲ್ಲೊಂದನ್ನು ರಕ್ತಕ್ಕೆ ಕೊಟ್ಟವರು. ಹಿಂದೆ ಕೊಡುವವರು ಯಾರೂ ಇರಲಿಲ್ಲ, ಅವರು ಕೇಳಲೂ ಇಲ್ಲ.

ಇಷ್ಟು ಚರಿತ್ರೆಯನ್ನು ಒಟ್ಟುಗೂಡಿಸಿ ನೋಡಿದರೆ ನನಗೆ ಕಾಣುವುದು ಇಷ್ಟು. ಕೈಗೆ ಸಿಕ್ಕಿದ್ದನ್ನು ಬಳಸುವುದು ಜಾಣತನ ನಿಜ. ಆದರೆ ಹಚ್ಚುವ, ಮೆತ್ತುವ, ಉದುರಿಸುವ ವಸ್ತುಗಳಲ್ಲಿ ಮನೆಯಲ್ಲೇ ಮಾಡಬಹುದಾದ ಪ್ರಥಮ ಚಿಕಿತ್ಸೆಯಾಗಿ ಉಳಿದದ್ದು ಬಹಳ ಕಡಿಮೆ. ಎಲೆ, ಸಿಪ್ಪೆ, ಜೇನು ಡಾಕ್ಟರರ ಕೈಗೆ ಹೋದವು. ನಮ್ಮ ಕೈಯಲ್ಲಿ ಉಳಿದದ್ದು ನೀರು, ಶುದ್ಧವಾದ ಬಟ್ಟೆ, ಉಪ್ಪು ಸಕ್ಕರೆ, ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ನಾಲ್ಕು ಜನ. ಇವಕ್ಕೆ ಅಂಗಡಿಯಲ್ಲಿ ಬೆಲೆ ಕಡಿಮೆ. ಆದರೆ ಕೊಡುವವರ ಮನೆಯಲ್ಲಿ ಅದು ಒಂದು ಚಾದರವೋ, ಒಂದು ದಿನದ ನೀರೋ ಆಗಿರುತ್ತದೆ.

ಆ ಭಾನುವಾರದ ಮರುದಿನ ಬೆಳಿಗ್ಗೆ ನಾಲ್ಕೂವರೆಗೆ ನಾನು ಖಾಲಿ ಕೊಡ ಹಿಡಿದು ನಳದ ಹತ್ತಿರ ಹೋದೆ. ರಾತ್ರಿಯಿಡೀ ಹುಡುಗನ ಜೊತೆ ಕೂತು ತಡವಾಗಿತ್ತು. ಸರದಿ ಉದ್ದ ಇತ್ತು, ನಮ್ಮ ಪಾಳಿ ಬರುವುದರೊಳಗೆ ನೀರು ನಿಲ್ಲುತ್ತದೆ ಎಂದು ಗೊತ್ತಿತ್ತು. ಮಾವಶಿ ಸಾಲಿನ ಮುಂದೆ ಇದ್ದರು. ಎರಡು ಕೊಡ ತುಂಬಿಸಿಕೊಂಡು ಹೊರಟರು. ನಾನು ನೋಡುತ್ತಿದ್ದ ಹಾಗೆ ತಮ್ಮ ಬಾಗಿಲು ದಾಟಿ ಮುಂದೆ ನಡೆದು, ನಮ್ಮ ಖೋಲಿಯೊಳಗೆ ಹೋಗಿ, ಎರಡೂ ಕೊಡಗಳನ್ನು ನಮ್ಮ ಡ್ರಮ್ಮಿಗೆ ಹೊಯ್ದು ಬಂದರು. ಮತ್ತೆ ಸಾಲಿನ ಕೊನೆಯಲ್ಲಿ, ನನ್ನ ಹಿಂದೆ ನಿಂತರು.